ಸಿಡಿಲವ್ವನ ಬಾಯಿಗೆ ಅಂಟಿಸಿದ ಮಾತು

ನೀಲಕ್ಕನನ್ನು ಸ್ಕೂಲು ಬಿಡಿಸಿದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅವಳು ದೊಡ್ಡವಳಾಗಿ ಹದಿನೈದು ದಿನ ಕಳೆದಿತ್ತು. ಬೆಳಿಗ್ಗೆ ಅಪ್ಪ ಲಿಂಗಪೂಜೆ ಮುಗಿಸಿದವನೇ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಗೂಟದಲ್ಲಿ ತೂಗುತ್ತಿದ್ದ ಅವಳ ಪುಸ್ತಕದ ಚೀಲ ತೆಗೆದು ನನ್ನ ಕೈಗೆ ಕೊಟ್ಟ. "ಇನ್ಮ್ಯಾಕೆ ಇದು ನಿಂದು" ಅಂದ. ಅಷ್ಟೇ. ಅಕ್ಕ ಒಲೆಯ ಮುಂದೆ ಕೂತು ಊದುಗೊಳವೆಯಿಂದ ಬೆಂಕಿ ಊದುತ್ತಿದ್ದವಳು ತಲೆ ಎತ್ತಲಿಲ್ಲ. ನನಗಾಗ ಎಂಟು ವರ್ಷ, ಅವಳಿಗೆ ಹದಿಮೂರು. ಹೊಸ ಚೀಲ ಸಿಕ್ಕಿತೆಂದು ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಕೊಳ್ಳೇಗಾಲದ ಆ ಮನೆಯ ಮುಂಭಾಗದಲ್ಲಿ ಅಪ್ಪನ ದಿನಸಿ ಅಂಗಡಿ, ಹಿಂಭಾಗದಲ್ಲಿ ಅಡುಗೆಮನೆ, ನಡುವೆ ಒಂದು ಪಡಸಾಲೆ. ಪಡಸಾಲೆಯ ಪಕ್ಕಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಹೆಂಚುಗಳ ನಡುವೆ ಕೂರಿಸಿದ ಒಂದೇ ಒಂದು ಗಾಜಿನಿಂದ ಅದಕ್ಕೆ ಬೆಳಕು. ನಾವದನ್ನು ಕಾಗದದ ಕೋಣೆ ಎನ್ನುತ್ತಿದ್ದೆವು. ಅಂಗಡಿಯ ಪೊಟ್ಟಣಕ್ಕೆ ಬೇಕಾದ ರದ್ದಿ ಅಲ್ಲಿ ಸೂರಿನವರೆಗೂ ಪೇರಿಸಿರುತ್ತಿತ್ತು. ನಮ್ಮೂರು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಗಳ ಬೋರ್ಡು ಬದಲಾಗಿದ್ದವು, ಅಪ್ಪನ ವ್ಯಾಪಾರದ ದಾರಿ ಬದಲಾಗಿರಲಿಲ್ಲ. ರದ್ದಿಯ ಮೂಟೆಗಳು ಮೊದಲಿನಂತೆ ಮದ್ರಾಸಿನ ಕಡೆಯಿಂದಲೇ ಬರುತ್ತಿದ್ದವು. ಹಡಗಿನಲ್ಲಿ ಬಂದ ಪರದೇಶದ ಕಾಗದವೂ ಅದರಲ್ಲಿ ಬೆರೆತಿರುತ್ತಿತ್ತು. ಸ್ಕೂಲು ಬಿಟ್ಟ ಅಕ್ಕನಿಗೆ ಆ ಕೋಣೆಯಲ್ಲಿ ಕೂತು ಕಾಗದ ಕತ್ತರಿಸಿ, ಮೈದಾಹಿಟ್ಟಿನ ಅಂಟು ಹಚ್ಚಿ ಪೊಟ್ಟಣ ಮಾಡುವ ಕೆಲಸ ಬಿತ್ತು. ಸ್ಕೂಲಿನಿಂದ ಬಂದ ಮೇಲೆ ನಾನೂ ಜೊತೆಗೆ ಕೂರುತ್ತಿದ್ದೆ.

ಅಂಥ ಒಂದು ಮೂಟೆಯಲ್ಲಿ ಅವಳಿಗೆ ಆ ಪುಸ್ತಕ ಸಿಕ್ಕಿತು. ತೆಳ್ಳಗಿನ ಬಣ್ಣದ ಪುಸ್ತಕ. ಒಂದೊಂದು ಪುಟದಲ್ಲೂ ಚೌಕ ಚೌಕವಾಗಿ ಆರೇಳು ಚಿತ್ರ. ಮನುಷ್ಯರ ಬಾಯಿಂದ ಬಿಳಿಯ ಗುಳ್ಳೆ ಹೊರಟು, ಅದರೊಳಗೆ ಇಂಗ್ಲಿಷಿನಲ್ಲಿ ಅವರಾಡಿದ ಮಾತು. ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಟ್ಟ, ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡ ಒಬ್ಬ ಹೆಂಗಸು ಅದರ ತುಂಬ ಓಡಾಡುತ್ತಿದ್ದಳು. ಅವಳು ಎರಡೂ ಅಂಗೈ ತಟ್ಟಿದರೆ ಮಿಂಚು ಹೊಡೆದು ಎದುರಿನ ಗೋಡೆ ಪುಡಿಯಾಗುತ್ತಿತ್ತು. ಕಳ್ಳರು ಹಾರಿ ಬೀಳುತ್ತಿದ್ದರು. ಒಂದು ಚಿತ್ರದಲ್ಲಿ ಅವಳು ಮಕ್ಕಳು ತುಂಬಿದ ಬಸ್ಸನ್ನು ಹೊಳೆಯಿಂದ ಎತ್ತಿ ದಡದ ಮೇಲಿಟ್ಟು, ಕೋಟಿನ ನೀರು ಒದರಿಕೊಳ್ಳುತ್ತಿದ್ದಳು. ನಮಗಿಬ್ಬರಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಅಕ್ಕ ಬೆರಳಿಟ್ಟು ನೋಡಿ ನೋಡಿ ಹೇಳಿದಳು:

"ಇವ್ಳೆಸ್ರು ಸಿಡಿಲವ್ವ ಕಣಮ್ಮಿ."

"ನಿಂಗೆಂಗೊತ್ತು?"

"ಮೊಕ ನೋಡುದ್ರೆ ಗೊತ್ತಾಗಕಿಲ್ವಾ? ಇಲ್ಲಿ ಏನಂತಾವ್ಳೆ ನೋಡು, 'ಮಕ್ಳ ಮ್ಯಾಲೆ ಕೈ ಮಾಡೀಯಾ? ನಿನ್ನ ಗ್ವಾಡೆ ಗ್ವಾಡೆನೇ ಮುರ್ದಾಕ್ತೀನಿ' ಅಂತಾವ್ಳೆ."

ಆ ಪುಸ್ತಕ ಪೊಟ್ಟಣವಾಗಲಿಲ್ಲ. ಮೂಟೆಗಳ ಹಿಂದೆ ಗೋಡೆಗೆ ಒತ್ತಿ ಇಟ್ಟೆವು. ಆಮೇಲೆ ಬಂದ ಪ್ರತಿ ಮೂಟೆಯನ್ನೂ ಮೊದಲು ಜಾಲಾಡುತ್ತಿದ್ದೆವು. ಎಷ್ಟೋ ಮೂಟೆಗೊಂದು ಸಿಡಿಲವ್ವ ಸಿಗುತ್ತಿದ್ದಳು, ಒಮ್ಮೊಮ್ಮೆ ಮೊದಲ ಪುಟವಿಲ್ಲದೆ, ಒಮ್ಮೊಮ್ಮೆ ಬರೀ ನಡುವಿನ ಎರಡು ಹಾಳೆ. ಕಥೆಯ ಮೊದಲು ಕೊನೆಯನ್ನೆಲ್ಲ ಅಕ್ಕನೇ ಕಟ್ಟುತ್ತಿದ್ದಳು. ಎದುರುಮನೆಯ ರೇಷ್ಮೆ ನೇಯುವವರ ಇಬ್ಬರು ಹುಡುಗಿಯರು ಮಧ್ಯಾಹ್ನ ಪೊಟ್ಟಣ ಮಾಡಿಕೊಡುವ ನೆಪದಲ್ಲಿ ಬಂದು ಕೂರುತ್ತಿದ್ದರು. ಅವರಲ್ಲಿ ದೊಡ್ಡವಳು ಒಂದು ದಿನ ಮಗ್ಗದಲ್ಲಿ ಉಳಿದ ನೀಲಿ ರೇಷ್ಮೆಯ ತುಂಡು ತಂದು ಅಕ್ಕನ ಹೆಗಲಿಗೆ ಹೊದಿಸಿದಳು. ಅಕ್ಕ ಎದ್ದು ನಿಂತು, ಗಾಜಿನ ಬೆಳಕಿನ ಕೆಳಗೆ ಅಂಗೈ ತಟ್ಟಿದಳು. ನಾವು ಮೂವರೂ ಹಾರಿ ಬಿದ್ದೆವು. ಅಷ್ಟು ನಕ್ಕದ್ದು ಆ ಮನೆಯಲ್ಲಿ ನನಗೆ ಬೇರೆ ನೆನಪಿಲ್ಲ.

ನಗುವಂಥದ್ದು ಅಲ್ಲಿ ಹೆಚ್ಚಿರಲಿಲ್ಲ. ಅಪ್ಪ ಕುಡಿಯುವವನಲ್ಲ, ಜೂಜಾಡುವವನಲ್ಲ, ಊರಿನಲ್ಲಿ ಒಳ್ಳೆಯ ಹೆಸರಿದ್ದವನು. ಆದರೆ ಉಪ್ಸಾರಿನ ಖಾರ ಸ್ವಲ್ಪ ಹೆಚ್ಚಾದರೆ, ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ತಟ್ಟೆ ಹಾರುತ್ತಿತ್ತು. ಆಮೇಲೆ ಅವ್ವನ ಕೆನ್ನೆಗೆ ಬೀಳುವ ಏಟಿನ ಸದ್ದು. ಅವ್ವ ಚೀರುತ್ತಿರಲಿಲ್ಲ. ಚೆಲ್ಲಿದ್ದನ್ನು ಬಳಿದು, ಎಲ್ಲರದೂ ಆದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು ತಾನು ಉಣ್ಣುತ್ತಿದ್ದಳು. ನಾನು ಅವ್ವ ಉಣ್ಣುವುದನ್ನು ಎದುರಿನಿಂದ ನೋಡಿದ್ದೇ ಇಲ್ಲ. ಅಂಥ ಹೊತ್ತಿನಲ್ಲಿ ಅಕ್ಕ ನನ್ನನ್ನು ಕಾಗದದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿ, ಸಿಡಿಲವ್ವನ ಕಥೆಯನ್ನು ಗಟ್ಟಿಯಾಗಿ ಶುರು ಮಾಡುತ್ತಿದ್ದಳು. ಹೊರಗಿನ ಸದ್ದು ಜೋರಾದಷ್ಟೂ ಅವಳ ದನಿ ಜೋರಾಗುತ್ತಿತ್ತು. ಒಂದು ಸಲ ಅಪ್ಪನೇ ಬಾಗಿಲು ತಳ್ಳಿ ಒಳಗೆ ಬಂದ. ಪುಸ್ತಕ ಕಿತ್ತುಕೊಂಡು ನೋಡಿ, "ಥೂ, ಮಂಡೆ ಬೋಳುಸ್ಕಂಡಿರೋ ಪರಂಗಿ ಎಂಗ್ಸು" ಎಂದು ನೆಲಕ್ಕೆಸೆದು ಹೋದ. ಪೊಟ್ಟಣದ ರಾಶಿ ಎತ್ತರವಾಗಿದ್ದರಿಂದ ಹೆಚ್ಚು ಬೈಯಲಿಲ್ಲ.

ಮೂರು ವರ್ಷ ಕಳೆಯುವಷ್ಟರಲ್ಲಿ ಸಿಡಿಲವ್ವ ಬದಲಾಗತೊಡಗಿದಳು. ಮೊದಲು ಕೂದಲು ಉದ್ದವಾಯಿತು. ಆಮೇಲೆ ಕೋಟು ಹೋಗಿ ಹೂವಿನ ಲಂಗ ಬಂತು. ಬಾಯಲ್ಲಿ ಪೈಪು ಕಚ್ಚಿದ ಒಬ್ಬ ಗಂಡಸು ಪ್ರತಿ ಪುಟದಲ್ಲೂ ಅವಳ ಪಕ್ಕ ನಿಲ್ಲುತ್ತಿದ್ದ. ಅವಳು ಅವನಿಗೆ ತಿಂಡಿ ಬೇಯಿಸುತ್ತಿದ್ದಳು, ಕನ್ನಡಿ ನೋಡಿಕೊಳ್ಳುತ್ತಿದ್ದಳು, ಹಾಸಿಗೆಯ ಮೇಲೆ ಬಿದ್ದು ಅಳುತ್ತಿದ್ದಳು. ಗೋಡೆ ಒಡೆಯುತ್ತಿದ್ದ ಕೈಗಳಿಂದ ಅವನ ಮಾತಿಗೆ ಚಪ್ಪಾಳೆ ತಟ್ಟುತ್ತಿದ್ದಳು. ಅಕ್ಕನ ಕಥೆ ಚಿತ್ರಕ್ಕೆ ಹೊಂದುತ್ತಿರಲಿಲ್ಲ. "ಏಸ ಕಟ್ಟವ್ಳೆ ಕಣಮ್ಮಿ, ಕಳ್ಳನ ಇಡಿಯಾಕೆ" ಎಂದು ಕೆಲವು ದಿನ ತೇಲಿಸಿದಳು. ಎದುರುಮನೆಯ ಹುಡುಗಿಯರು ನಂಬಲಿಲ್ಲ. ಕೊನೆಗೆ ಅಕ್ಕನೇ, "ನಡಿ, ಟೀಚರಮ್ಮನ ಕೇಳಣ" ಅಂದಳು.

ಟೀಚರಮ್ಮ ಎಂದರೆ ನಮ್ಮ ಅಂಗಡಿಯ ಪಕ್ಕದ ಬಾಡಿಗೆಯ ಕೋಣೆಯಲ್ಲಿದ್ದ ಗ್ರೇಸಮ್ಮ. ಕೊಯಮತ್ತೂರಿನ ಕಡೆಯವರು. ರಾಜ್ಯ ಬದಲಾದ ಮೇಲೂ ಊರು ಬಿಡದೆ ನಮ್ಮ ಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದರು. ಸಂಜೆ ಜಗುಲಿಯ ಮೇಲೆ ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದರು. ಅಕ್ಕ ಕಂಬ ಹಿಡಿದು ನಿಂತಿದ್ದಳು.

"ಇಂಗ ಪಾರ್ ಕಣ್ಣು, ಈ ಪೊಂಬಳೆ, ಈ ಹೆಂಗಸು, ಏನ್ ಹೇಳ್ತಾಳೆ ಅಂದ್ರೆ, 'ನನಗೆ ಈ ಶಕ್ತಿ ಬೇಡ. ನಿಮ್ಮ ಹೆಂಡತಿ ಆದ್ರೆ ಸಾಕು. ಮದುವೆ ದಿನಾನೇ ಇದನ್ನ ಬಿಟ್ಟುಬಿಡ್ತೀನಿ' ಅಂತ."

ಅಕ್ಕ ಒಳಗೆ ಓಡಿ ಹೋಗಿ ಮೊಟ್ಟಮೊದಲ ಪುಸ್ತಕ ತಂದಳು. ಮಕ್ಕಳ ಬಸ್ಸಿನ ಚಿತ್ರದ ಮೇಲೆ ಬೆರಳಿಟ್ಟಳು.

"ಇದ ಓದಿ ಟೀಚರಮ್ಮ. ಇಲ್ಲಿ ಏನಂತಾವ್ಳೆ?"

ಗ್ರೇಸಮ್ಮ ಅದನ್ನು ಎರಡು ಸಲ ಓದಿದರು. ಅಕ್ಕನ ಮುಖ ನೋಡಿ ಸುಳ್ಳು ಹೇಳಬಹುದೇ ಎಂದು ಯೋಚಿಸಿರಬೇಕು. ಅವರು ಸುಳ್ಳು ಹೇಳುವವರಲ್ಲ.

"'ದಯವಿಟ್ಟು ಯಾರಿಗೂ ಹೇಳಬೇಡಿ. ಹೆಣ್ಣಾಗಿ ಹೀಗೆ ಮಾಡಿದ್ದು ತಿಳಿದರೆ ಜನ ಏನಂದುಕೊಳ್ತಾರೋ' ಅಂತ ಇದೆ ಮಾ."

ಅಕ್ಕ ಎರಡು ದಿನ ಸಿಡಿಲವ್ವನ ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ಅವಳು ಕೋಣೆಯಲ್ಲಿ ಬಿಳಿ ಕಾಗದವನ್ನು ಸಣ್ಣ ಸಣ್ಣ ಚೂರಾಗಿ ಕತ್ತರಿಸುತ್ತಿದ್ದಳು. ಒಂದೊಂದರ ಮೇಲೂ ನನ್ನ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದು, ಅಂಟು ಸವರಿ, ಸಿಡಿಲವ್ವನ ಬಾಯಿಂದ ಬಂದ ಇಂಗ್ಲಿಷ್ ಮಾತಿನ ಮೇಲೆ ಕೂರಿಸಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. 'ನಾನು ಯಾರಿಗೂ ಹೆದರುವವಳಲ್ಲ.' 'ನಿನ್ನ ಅಡುಗೆ ನೀನೇ ಮಾಡಿಕೋ.' 'ನನ್ನ ಕೈ ಬಿಡು.' ಪೈಪಿನ ಗಂಡಸಿನ ಬಾಯಿಗೆ 'ತಪ್ಪಾಯಿತು ತಾಯಿ' ಎಂದು ಬರೆದು ಅಂಟಿಸಿದ್ದಳು. ಆರನೇ ಕ್ಲಾಸಿಗೆ ನಿಂತುಹೋದ ಅಕ್ಷರ, ದುಂಡಗೆ, ಒತ್ತಿ ಬರೆದದ್ದು. ಇದ್ದ ಹನ್ನೊಂದೂ ಪುಸ್ತಕಗಳಿಗೆ ಹೀಗೆ ಮಾಡಿದಳು. ಅದಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಯ ಪುಟ ಅಂಟಿಸಿದ ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು:

"ಇದ ಬರ‍್ದೋರ‍್ಗೆ ಒಂದು ಕಾಗ್ದ ಆಕ್ಬೇಕು ಕಣಮ್ಮಿ. ಅವ್ಳು ಅಂಗಲ್ಲ ಅಂತ ಯೋಳ್ಬೇಕು. ನೀನು ಇಂಗ್ಲೀಸು ಕಲ್ತ ಮ್ಯಾಲೆ ಬರೀ. ಏನು, ಬರ‍್ದೀಯಾ?"

ಬರೀತೀನಿ ಅಂದೆ. ನಾನು ಆ ಕಾಗದ ಬರೆಯಲಿಲ್ಲ.

ಅಕ್ಕನಿಗೆ ಹದಿನೇಳು ತುಂಬಿದಾಗ ಬಂಡಳ್ಳಿಯ ಸಂಬಂಧ ಬಂತು. ಹನೂರಿನ ಆಚೆಯ ಊರು. ಹೊಲಗದ್ದೆ ಇರುವ ನಮ್ಮವರೇ. ಹುಡುಗ ಮಾತು ಕಡಿಮೆ, ಗಟ್ಟಿ ಆಳು ಎಂದರು. ಅಕ್ಕ ಬೇಡವೆನ್ನಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ಹಾಗಾಗಿ ಬೇಡವೆನ್ನುವ ಸಂದರ್ಭವೇ ಬರಲಿಲ್ಲ. ಪುಸ್ತಕಗಳನ್ನು ತನ್ನ ಟ್ರಂಕಿನ ತಳದಲ್ಲಿ ಸೀರೆಗಳ ಅಡಿ ಇಟ್ಟುಕೊಂಡು ಹೋದಳು. ಮೊದಲ ವರ್ಷದ ಹಬ್ಬಕ್ಕೆ ಬಂದಾಗ ಕೇಳಿದೆ. ಅತ್ತೆ ಟ್ರಂಕು ತೆಗೆದು ನೋಡಿ, ಮದುವೆಯಾದ ಹೆಣ್ಣು ಓದುವ ಪುಸ್ತಕವೇ ಇದು ಎಂದು ನೀರೊಲೆಗೆ ಹಾಕಿದರಂತೆ. ಅದನ್ನು ಅಕ್ಕ ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಎರಡನೆಯ ವರ್ಷ ಅವಳು ಬರಲಿಲ್ಲ. ಮೂರನೆಯ ವರ್ಷವೂ ಬರಲಿಲ್ಲ. ಅಪ್ಪ ಹೋಗಿ ನೋಡಿ ಬಂದು, "ಚೆನ್ನಾಗವ್ಳೆ" ಅಂದ.

ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ, ಅಕ್ಕ ಹನೂರಿನ ಬಸ್ಸಿಳಿದು ಒಬ್ಬಳೇ ಬಂದು ನಿಂತಳು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಬಲಗೈಯ ಮುಂಗೈ ಊದಿ ಬಣ್ಣಗೆಟ್ಟಿತ್ತು, ಎರಡು ಬೆರಳು ಸೊಟ್ಟಗಾಗಿದ್ದವು. ಅಪ್ಪ ತಕ್ಕಡಿ ಹಿಡಿದವನು ಅವಳನ್ನು ನೋಡಿದ.

"ಜನ ನೋಡ್ತಾವ್ರೆ. ಒಳಿಕ್ಕೋಗು."

ಒಳಗೆ ಅವ್ವ ಅರಿಶಿನ ಕಲಸಿ ಕೈಗೆ ಕಟ್ಟಿದಳು. ಒನಕೆಯಿಂದ ಹೊಡೆದದ್ದು ಎಂದು ಅಕ್ಕ ಹೇಳಿದಳು. ಹೊಟ್ಟೆಯಲ್ಲಿದ್ದದ್ದೂ ಹೋಯಿತು ಎಂದಳು. ಅವ್ವ ಕೇಳುತ್ತ ಕೂತಳು, ಕಟ್ಟಿದ ಬಟ್ಟೆಯ ತುದಿಯನ್ನು ಮತ್ತೆ ಮತ್ತೆ ಬಿಗಿ ಮಾಡುತ್ತ. ಆ ದಿನ ಅಡುಗೆಮನೆಯಲ್ಲಿ ಅವರಿಬ್ಬರೂ ಪಕ್ಕಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಉಂಡರು.

ನನ್ನ ವಿಷಯ ಇಲ್ಲಿ ಹೇಳಬೇಕು. ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಗ್ರೇಸಮ್ಮ ಟೀಚರು ಮೈಸೂರಿನ ಟೀಚರ್ ಟ್ರೈನಿಂಗಿಗೆ ಅರ್ಜಿ ತರಿಸಿ, ತಾವೇ ತುಂಬಿ, ಅಪ್ಪನ ರುಜುವೊಂದನ್ನು ಬಾಕಿ ಇಟ್ಟಿದ್ದರು. ಅಪ್ಪ ತಿಂಗಳಿಂದ ನೋಡೋಣ ನೋಡೋಣ ಅನ್ನುತ್ತಿದ್ದ. ಅಕ್ಕ ಬಂದ ಮರುದಿನ ಅರ್ಜಿಯನ್ನು ಮಡಿಸಿ ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಹೇಳಿದ:

"ಗಂಡನ ಬುಟ್ಟು ಬಂದೋಳ ಮನೇಲಿಕ್ಕಂಡು ಇನ್ನೊಬ್ಳ ಮೈಸೂರ‍್ಗೆ ಕಳುಸ್ಲಾ? ಊರು ಏನಂದದು?"

ಮೂರನೆಯ ದಿನ ಭಾವ ಅವನ ದೊಡ್ಡಪ್ಪನನ್ನು ಕರೆದುಕೊಂಡು ಬಂದ. ಅವರು ಪಡಸಾಲೆಯಲ್ಲಿ ಕೂತರು. ಅಕ್ಕ ನನ್ನನ್ನು ಕಾಗದದ ಕೋಣೆಗೆ ಕರೆದಳು. ಬಾಗಿಲು ಮುಂದೆ ಮಾಡಿದಳು.

"ಅಪ್ಪ ನಿನ್ನ ಮಾತು ಕೇಳ್ತನೆ. ನೀನು ಓದಿರೋಳು. ಒಂದೇ ಒಂದು ಮಾತು ಅನ್ನಮ್ಮಿ, ಅಕ್ಕ ಇಲ್ಲೇ ಇರ‍್ಲಿ ಅಂತ. ಪೊಟ್ಣ ಮಾಡ್ಕಂಡು ಇದೇ ಕ್ವಾಣೇಲಿ ಬಿದ್ದಿರ‍್ತೀನಿ. ಯಾರ ಕಣ್ಗೂ ಬೀಳಕಿಲ್ಲ."

ತಲೆಯಾಡಿಸಿದೆ. ಅವಳು ಎಡಗೈಯಿಂದ ನನ್ನ ಗಲ್ಲ ಸವರಿದಳು.

ಅಪ್ಪ ನಮ್ಮಿಬ್ಬರನ್ನೂ ಹೊರಗೆ ಕರೆದ. ಭಾವ ನೆಲ ನೋಡುತ್ತ ಕೂತಿದ್ದ, ಅವನ ದೊಡ್ಡಪ್ಪ ಎಲೆಯಡಿಕೆ ಮೆಲ್ಲುತ್ತಿದ್ದ. ಒಂದು ಸಲ ಕೈ ಮೀರಿದೆ, ಇನ್ನು ಹಾಗಾಗುವುದಿಲ್ಲ ಎಂದು ಆ ದೊಡ್ಡಪ್ಪ ಹೇಳಿದ. ಅಪ್ಪ ಆಗ ನಾನೆಂದೂ ಎಣಿಸಿರದ ಕೆಲಸ ಮಾಡಿದ. ನನ್ನ ಕಡೆ ತಿರುಗಿದ.

"ಮಾದೇವಿ, ಈ ಮನೇಲಿ ನಾಕಕ್ಸರ ಕಲ್ತೋಳು ನೀನೇಯ. ನೀನೇ ಯೋಳು. ನಿಮ್ಮಕ್ಕ ಓಗದು ಸರಿಯೋ, ಇಲ್ಲಿರದು ಸರಿಯೋ?"

ಅವನ ಹಿಂದೆ, ಬಾಗಿಲಾಚೆ, ಅಂಗಡಿಯ ಗಲ್ಲಾಪೆಟ್ಟಿಗೆ ಕಾಣುತ್ತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನಗೆ ಯೋಚಿಸಲು ಸಮಯವಿರಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಸಮಯವಿತ್ತು. ಯಾರೂ ಅವಸರ ಮಾಡಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಓಗ್ಲಿ ಅಪ್ಪ" ಅಂದೆ.

ಅಕ್ಕ ಹಿತ್ತಲಿಗೆ ಹೋಗಿ ಮುಖ ತೊಳೆದು, ಅವ್ವನ ಕೈಯಿಂದ ತಲೆ ಬಾಚಿಸಿಕೊಂಡು, ಬಂದವರ ಹಿಂದೆ ನಡೆದು ಹೋದಳು. ನಾನು ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ. ಆ ಸಂಜೆ ಅಪ್ಪ ಅರ್ಜಿ ಹೊರಗೆ ತೆಗೆದು, ಮಡಿಕೆಯನ್ನು ಅಂಗೈಯಿಂದ ನೀವಿ, ರುಜು ಹಾಕಿ ಕೊಟ್ಟ. ಗ್ರೇಸಮ್ಮ ಟೀಚರು ಸಿಹಿ ಹಂಚಿದರು. ನಾನೂ ತಿಂದೆ.

ಟ್ರೈನಿಂಗ್ ಮುಗಿಸಿ ಯಳಂದೂರಿನಲ್ಲಿ ಮೇಡಂ ಆದೆ. ಬಂಡಳ್ಳಿಗೆ ಹೋಗುವ ಧೈರ್ಯ ಬರಲಿಲ್ಲ. ಅಕ್ಕನಿಗೆ ಒಂದು ಹೆಣ್ಣುಮಗುವಾಯಿತು ಎಂದು ತಿಳಿಯಿತು, ಆಗಲೂ ಹೋಗಲಿಲ್ಲ. ಹೀಗೇ ಎಂಟೊಂಬತ್ತು ವರ್ಷ ಕಳೆದ ಮೇಲೆ, ಏನೋ ಕೆಲಸಕ್ಕೆಂದು ಮೈಸೂರಿಗೆ ಹೋದವಳು ಒಂದು ಹಳೆ ಪುಸ್ತಕದ ಅಂಗಡಿಯ ಮುಂದೆ ನಿಂತೆ. ರಾಶಿಯ ಮೇಲೆ ಸಿಡಿಲವ್ವ ಇದ್ದಳು. ಕೂದಲು ಮತ್ತೆ ಮೋಟಾಗಿತ್ತು. ಹಿತ್ತಾಳೆ ಗುಂಡಿಯ ಕೋಟು ಮತ್ತೆ ಬಂದಿತ್ತು. ಪೈಪಿನ ಗಂಡಸು ಎಲ್ಲೂ ಇರಲಿಲ್ಲ. ಈಗ ನನಗೆ ಇಂಗ್ಲಿಷು ಬರುತ್ತಿತ್ತು. ಅಲ್ಲೇ ನಿಂತು ಓದಿದೆ. ಮನೆ ಬಿಟ್ಟು ಹೊರಟವಳು ಹೊಸ್ತಿಲಲ್ಲಿ ನಿಂತು, "ನಾನು ಯಾರಿಗೂ ಹೆದರುವುದಿಲ್ಲ, ನನ್ನ ಕೈ ಬಿಡಿ" ಎನ್ನುತ್ತಿದ್ದಳು. ಅಕ್ಕ ಬರೆದಿದ್ದ ಮಾತು, ಹೆಚ್ಚು ಕಡಿಮೆ ಹಾಗೇ, ಅಚ್ಚಾಗಿತ್ತು. ಪುಸ್ತಕದ ಕೊನೆಯಲ್ಲಿ ಓದುಗರ ಪತ್ರಗಳಿದ್ದವು. ಎಲ್ಲೆಲ್ಲಿಯದೋ ಊರಿನ ಹುಡುಗಿಯರು ಬರೆದದ್ದು. ಅವಳು ಅಳುವಂತೆ ಯಾಕೆ ಮಾಡಿದಿರಿ, ಅವಳ ಶಕ್ತಿ ಯಾಕೆ ಕಿತ್ತುಕೊಂಡಿರಿ, ಅವಳು ಹಾಗಲ್ಲ, ವಾಪಸ್ಸು ಕೊಡಿ ಎಂದು ವರ್ಷಗಟ್ಟಲೆ ಬರೆದಿದ್ದರಂತೆ. ನಿಮ್ಮ ಮಾತು ಕೇಳಿದ್ದೇವೆ ಎಂದು ಪುಸ್ತಕದವರು ಉತ್ತರ ಕೊಟ್ಟಿದ್ದರು. ನಾನು ಅದನ್ನು ಕೊಂಡು, ಮುಂದಿನ ಭಾನುವಾರ ಹನೂರಿಗೆ ಹೋಗಿ, ಅಲ್ಲಿಂದ ಬಂಡಳ್ಳಿಗೆ ಹೋದೆ.

ಅಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೂವತ್ತಕ್ಕೇ ಅವ್ವನ ವಯಸ್ಸಿನವಳಂತೆ ಕಂಡಳು. ಮೊರವನ್ನು ಎಡಗೈಯೇ ಹೊತ್ತಿತ್ತು, ಬಲಗೈ ಸುಮ್ಮನೆ ಅಂಚಿಗೆ ತಾಗಿಕೊಂಡಿತ್ತು. ಭಾವ ಹೊಲಕ್ಕೆ ಹೋಗಿದ್ದ. "ಬಾ" ಅಂದಳು, ನಿನ್ನೆ ತಾನೇ ಬಂದು ಹೋದವಳನ್ನು ಕರೆದಂತೆ. ಏಳು ವರ್ಷದ ಮಗಳು ಕಂಬದ ಹಿಂದಿನಿಂದ ನನ್ನನ್ನು ನೋಡುತ್ತಿತ್ತು. ನಾನು ಪುಸ್ತಕ ತೆಗೆದು ಅಕ್ಕನ ಮುಂದಿಟ್ಟು, ಒಂದೊಂದು ಪುಟವನ್ನೂ ಕನ್ನಡದಲ್ಲಿ ಓದಿದೆ. ಪತ್ರಗಳನ್ನೂ ಓದಿದೆ. ನೀನು ಹೇಳಿದ್ದೇ ಸರಿಯಾಯಿತು ಎಂದೆ. ಕಾಗದ ಬರೆಯಲಿಲ್ಲ, ತಪ್ಪಾಯಿತು ಎಂದೆ. ಆ ದಿನ ನಾನಾಡಿದ ಮಾತಿನ ಬಗ್ಗೆ ಹೇಳಬೇಕೆಂದು ಬಂದಿದ್ದೆ, ಅದು ಬಾಯಿಗೆ ಬರಲಿಲ್ಲ. ಅಕ್ಕ ಹುರುಳಿಯಲ್ಲಿದ್ದ ಕಲ್ಲು ಆರಿಸುತ್ತ ಕೇಳಿಸಿಕೊಂಡಳು.

ಅಷ್ಟರಲ್ಲಿ ಆ ಹುಡುಗಿ ಕಂಬ ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತಿತ್ತು. ಚಿತ್ರದ ಮೇಲೆ ಬೆರಳಿಟ್ಟಿತ್ತು.

"ಇವ್ಳ್ಯಾರು ಚಿಕ್ಕವ್ವ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಚಾಚಿ ಪುಸ್ತಕ ಮುಚ್ಚಿದಳು. ಮೊರ ಕೆಳಗಿಟ್ಟಳು.

"ಇವ್ಳ್ಗೆ ಇದ್ನೆಲ್ಲ ತೋರುಸ್ಬ್ಯಾಡ ಮಾದೇವಿ. ನಂಬ್ಬುಟ್ಟಾಳು."

ಕೋಪದಿಂದ ಹೇಳಿದ ಮಾತಲ್ಲ. ಬಿಸಿ ಪಾತ್ರೆ ಮುಟ್ಟದಂತೆ ಮಗುವನ್ನು ಪಕ್ಕಕ್ಕೆ ಸರಿಸುವ ದನಿ. ತಾನೇ ಪುಸ್ತಕವನ್ನು ನನ್ನ ಬ್ಯಾಗಿನೊಳಗೆ ಹಾಕಿ, ಬಕಲ್ಲು ಬಿಗಿದು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಮುದ್ದೆ ಉಂಡೀಯಾ, ಇಲ್ಲಾ ಅನ್ನ ಇಡ್ಲಾ?"

ಮುದ್ದೆ ಸಾಕು ಅಂದೆ.

ಆ ಹುಡುಗಿಗೆ ಹದಿನಾರಕ್ಕೆ ಮದುವೆಯಾಯಿತು. ನಾನೂ ಹೋಗಿದ್ದೆ. ಅಕ್ಷತೆ ಹಾಕಿ, ಊಟ ಮಾಡಿ ಬಂದೆ.